ಒಂದೇ ಗೋಡೆಯೊಳಗಿನ ಮೂರು ಮಣ್ಣು

ನಂಜನಗೂಡಿನ ರಸಬಾಳೆಯ ಕಂದನ್ನು ಬೇರೆ ಊರಿಗೆ ಒಯ್ದು ನೆಟ್ಟವರು ಬಹಳ ಮಂದಿ. ಗಿಡ ಬರುತ್ತದೆ, ಗೊನೆಯೂ ಬಿಡುತ್ತದೆ. ಆದರೆ ಬಲ್ಲವರು ಒಂದು ಹಣ್ಣು ತಿಂದು, "ಇದು ಅದಲ್ಲ" ಎಂದುಬಿಡುತ್ತಾರೆ. ಮೈಸೂರಿನ ವೀಳ್ಯದೆಲೆಯ ವಿಷಯವೂ ಹೀಗೆಯೇ, ಈರನಗೆರೆಯ ಬದನೆಯದೂ ಹೀಗೆಯೇ. ಮಾರುಕಟ್ಟೆಯಿಂದ ಬದನೆಕಾಯಿ ಬಂದಾಗ ಮನೆಯ ಹಿರಿಯರು ಕೇಳುವುದು "ಯಾವ ಜಾತಿಯದು?" ಎಂದಲ್ಲ, "ಎಲ್ಲಿಯದು?" ಎಂದು. ಮಣ್ಣಿಗೂ ನಾಲಗೆಗೂ ನಂಟುಂಟೆಂಬ ಈ ನಂಬಿಕೆ ನಮ್ಮಲ್ಲಿ ಬಾಯಿಮಾತಾಗಿ ಉಳಿದಿದೆ. ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಾದರೋ ಅದು ಶಾಸನವಾಗಿದೆ, ಭೂಪಟವಾಗಿದೆ, ಬೆಲೆಪಟ್ಟಿಯಾಗಿದೆ. ಅಲ್ಲಿ ಒಂದು ಬದುವಿನ ಆಚೆಯ ದ್ರಾಕ್ಷಿಗೆ ಒಂದು ಬೆಲೆ, ಈಚೆಯದಕ್ಕೆ ಅದರ ನಾಲ್ಕು ಪಾಲು ಬೆಲೆ ಇರುವುದುಂಟು.

ದ್ರಾಕ್ಷಾಸವದ ಮಾತು ಸಂಸಾರಸ್ಥರ ಮನೆಗೇಕೆ ಎಂದು ಯಾರೂ ಹುಬ್ಬು ಗಂಟಿಕ್ಕಬೇಕಾದ್ದಿಲ್ಲ. ಬಟ್ಟಲಿನೊಳಗೆ ಇರುವುದಕ್ಕಿಂತ ಬೇರಿನ ಬುಡದಲ್ಲಿ ಇರುವುದೇ ಇಲ್ಲಿಯ ವಿಷಯ. ಸಾಲದುದಕ್ಕೆ ಈ ತೋಟವನ್ನು ಕಟ್ಟಿದವರು ಸನ್ಯಾಸಿಗಳು.

ತೋಟದ ಹೆಸರು ಕ್ಲೋ ದ ವೂಜೋ. 'ಕ್ಲೋ' ಎಂದರೆ ಗೋಡೆ ಕಟ್ಟಿದ ಆವರಣ. ವೂಜೋ ಎಂಬುದು ಪಕ್ಕದ ಹಳ್ಳಿ, ವೂಜ್ ಎಂಬ ಸಣ್ಣ ತೊರೆಯಿಂದ ಬಂದ ಹೆಸರು. ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಹೊರಟು ಬೋನ್ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯ ಬಲಗಡೆಗೆ, ಕಲ್ಲುಗೋಡೆಯ ನಡುವೆ ಸುಮಾರು 50 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 125 ಎಕರೆ ದ್ರಾಕ್ಷಿ. ಅದರ ಮೇಲ್ತುದಿಯಲ್ಲಿ ಒಂದು ಹಳೆಯ ಕಲ್ಲಿನ ಕಟ್ಟಡ. ನೋಟಕ್ಕೆ ಇಷ್ಟೇ.

ಇದರ ಕಥೆ ಮೊದಲಾಗುವುದು ಕೆಟ್ಟ ನೆಲವೊಂದರಿಂದ. 1098ರಲ್ಲಿ ಮೊಲೆಮ್ ಮಠದ ರೋಬೆರ್ ಎಂಬಾತ ಕೆಲವು ಸಂಗಡಿಗರೊಡನೆ ಹೊರಬಿದ್ದು, ಇನ್ನೂ ಕಠಿಣವಾದ ನಿಯಮದಲ್ಲಿ ಬಾಳಬೇಕೆಂದು ಸೀತೋ ಎಂಬಲ್ಲಿ ಹೊಸ ಮಠವನ್ನು ಸ್ಥಾಪಿಸಿದನು. ಸಿಸ್ಟರ್ಷಿಯನ್ ಪಂಥದ ಮೂಲಮಠ ಅದೇ. ದುಡಿಮೆ ಅವರಿಗೆ ಪ್ರಾರ್ಥನೆಯಷ್ಟೇ ಮುಖ್ಯ. ಗದ್ದೆಯನ್ನು ಗೇಣಿಗೆ ಕೊಟ್ಟು ಕೂತು ಉಣ್ಣುವುದು ಅವರ ಆರಂಭದ ಆದರ್ಶಕ್ಕೆ ಹೊಂದದ ಮಾತು. ಆದರೆ ಸೀತೋ ಇದ್ದುದು ಬಯಲುಸೀಮೆಯ ಜೌಗಿನಲ್ಲಿ. ಜೊಂಡು ಬೆಳೆಯುವ ನೆಲದಲ್ಲಿ ದ್ರಾಕ್ಷಿ ಏಳಿಗೆಯಾಗುವುದಿಲ್ಲ. ಇತ್ತ ಪೂಜೆಗೆ ದ್ರಾಕ್ಷಾಸವ ಬೇಕೇ ಬೇಕು. ಅವರು ಅನುಸರಿಸುತ್ತಿದ್ದ ಸಂತ ಬೆನೆಡಿಕ್ಟನ ನಿಯಮಾವಳಿ ಪ್ರತಿಯೊಬ್ಬ ಸನ್ಯಾಸಿಗೂ ದಿನಕ್ಕೊಂದು ಸಣ್ಣ ಅಳತೆಯ ದ್ರಾಕ್ಷಾಸವವನ್ನು ಅನುಮತಿಸುತ್ತದೆ. ಹೀಗಾಗಿ ಹತ್ತು ಹನ್ನೆರಡು ಕಿಲೋಮೀಟರು ದೂರದ ಗುಡ್ಡದ ತಪ್ಪಲಿನ ಮೇಲೆ ಮಠದ ಕಣ್ಣು ಬಿತ್ತು. 12ನೆಯ ಶತಮಾನದ ಆರಂಭದಲ್ಲಿ ವೂಜೋ ಬಳಿಯ ತುಂಡುಭೂಮಿಗಳು ದಾನವಾಗಿ ಬರತೊಡಗಿದವು. ದಾನ, ವಿನಿಮಯ, ಕ್ರಯ ಹೀಗೆ ಒಂದಕ್ಕೊಂದು ತುಂಡು ಕೂಡಿಸುತ್ತ, ನಡುವೆ ಸಿಕ್ಕಿಕೊಂಡಿದ್ದ ಅನ್ಯರ ಪಟ್ಟೆಗಳನ್ನೂ ಕೊಳ್ಳುತ್ತ, ಇನ್ನೂರು ವರ್ಷಕ್ಕೂ ಮೀರಿ ದುಡಿದು 1336ರ ಹೊತ್ತಿಗೆ ಸುತ್ತುಗೋಡೆಯನ್ನು ಪೂರ್ತಿಗೊಳಿಸಿದರು. ಇನ್ನೂರು ವರ್ಷವೆಂದರೆ ಏಳೆಂಟು ತಲೆಮಾರು. ಮಕ್ಕಳಿಲ್ಲದ ಮಠಕ್ಕೆ ಮಾತ್ರ ಅಂಥ ತಾಳ್ಮೆ ಸಾಧ್ಯವೋ ಏನೋ! ಆಸ್ತಿ ಪಾಲಾಗುವ ಭಯವಿಲ್ಲ, ನಾಳೆಯೇ ಫಲ ಬೇಕೆಂಬ ಅವಸರವಿಲ್ಲ.

ಈಗ ನೆಲದ ಕಡೆಗೆ ಬರೋಣ. ಈ ಗುಡ್ಡಸಾಲಿಗೆ ಕೋತ್ ದೋರ್ ಎಂದು ಹೆಸರು. ಉದ್ದ ಸುಮಾರು 50 ಕಿಲೋಮೀಟರು, ದ್ರಾಕ್ಷಿಗೆ ಯೋಗ್ಯವಾದ ಅಗಲವೋ ಬಹಳ ಕಡೆ ಒಂದು ಕಿಲೋಮೀಟರೂ ಇಲ್ಲ. ಹದಿನಾರು ಹದಿನೇಳು ಕೋಟಿ ವರ್ಷಗಳ ಹಿಂದೆ ಇದೆಲ್ಲ ಆಳವಿಲ್ಲದ ಬೆಚ್ಚನೆಯ ಸಮುದ್ರವಾಗಿತ್ತು. ಅದರ ತಳದಲ್ಲಿ ಚಿಪ್ಪು ಮೊದಲಾದ ಜೀವಿಗಳ ಅವಶೇಷ ಸೇರಿಸೇರಿ ಸುಣ್ಣಕಲ್ಲಾಯಿತು, ನಡುನಡುವೆ ಸುಣ್ಣ ಬೆರೆತ ಜೇಡಿಯ ಪದರಗಳೂ ಕುಳಿತವು. ಬಹುಕಾಲದ ಮೇಲೆ, ಇಂದಿಗೆ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ, ಭೂಮಿ ಬಿರಿದು ಪೂರ್ವದ ಭಾಗ ಕುಸಿಯಿತು. ಕುಸಿದದ್ದು ಸೋನ್ ನದಿಯ ಬಯಲು, ನಿಂತದ್ದು ಗುಡ್ಡ, ಇವೆರಡರ ನಡುವಣ ಮುರಿದ ಅಂಚೇ ಈ ತಪ್ಪಲು. ಮುರಿದ ಅಂಚಾದುದರಿಂದ ಬಗೆಬಗೆಯ ಪದರಗಳು ಒಂದರ ಪಕ್ಕ ಒಂದು ಹೊರಗೆ ಇಣಿಕಿವೆ. ನಾಲ್ಕು ಮಾರು ನಡೆದರೆ ಕಾಲಡಿಯ ಕಲ್ಲು ಬೇರೆ ಎಂಬ ಮಾತು ಇಲ್ಲಿ ಉತ್ಪ್ರೇಕ್ಷೆಯಲ್ಲ.

ನಮ್ಮ ತೋಟ ಈ ತಪ್ಪಲಿನ ನಡುವಿನಿಂದ ಕೆಳಗಿನ ಹೆದ್ದಾರಿಯವರೆಗೆ ಚಾಚಿದೆ. ಇಳಿಜಾರು ಅತಿ ಮೆಲ್ಲನೆಯದು. ಮೇಲಿನ ಗೋಡೆ ಸಮುದ್ರಮಟ್ಟದಿಂದ ಸುಮಾರು 260 ಮೀಟರು ಎತ್ತರದಲ್ಲಿದ್ದರೆ ಕೆಳಗಿನದು ಸುಮಾರು 240. ನಡೆಯುವವನಿಗೆ ಏದುಸಿರು ಕೂಡ ಬಾರದು. ಆದರೆ ಗುದ್ದಲಿ ಹಿಡಿದವನಿಗೆ ತಿಳಿಯುತ್ತದೆ. ಮೇಲ್ಭಾಗದಲ್ಲಿ ಒಂದು ಮೊಳ ಅಗೆಯುವಷ್ಟರಲ್ಲಿ ಸುಣ್ಣಕಲ್ಲಿನ ಬಂಡೆ ಟಣ್ಣೆನ್ನುತ್ತದೆ. ಮಣ್ಣಿನ ತುಂಬ ಹರಳು. ನಡುಭಾಗದಲ್ಲಿ ಮಣ್ಣು ಸ್ವಲ್ಪ ಆಳ, ಕಂದುಬಣ್ಣ, ಜೇಡಿ ಹೆಚ್ಚು, ಕಲ್ಲುಚೂರು ಇನ್ನೂ ಉಂಟು. ಕೆಳಗೆ ಹೆದ್ದಾರಿಯ ಕಡೆಗೆ ಬಂದರೆ ಆಳವಾದ ಜಿಗುಟು ಜೇಡಿ. ಮೇಲಿನಿಂದ ಮಳೆ ತೊಳೆದು ತಂದ ಸಣ್ಣ ಮಣ್ಣೆಲ್ಲ ಅಲ್ಲಿ ಶೇಖರವಾಗಿದೆ. ಮಳೆ ಬಂದರೆ ನೀರು ಬೇಗ ಬಸಿಯದು.

ರೈತನ ಸಾಮಾನ್ಯ ಬುದ್ಧಿಗೆ ಆಳವಾದ ಫಲವತ್ತಾದ ಕೆಳಭಾಗವೇ ಮೇಲು ಎಂದು ತೋರುತ್ತದೆ. ರಾಗಿಗೆ, ಕಬ್ಬಿಗೆ ಆದರೆ ಅದು ಸರಿ. ದ್ರಾಕ್ಷಿಯದು ವಿಚಿತ್ರ ಸ್ವಭಾವ. ಹೊಟ್ಟೆ ತುಂಬ ನೀರು ಕೊಟ್ಟರೆ ಅದು ಎಲೆ, ಬಳ್ಳಿ ಬಿಡುತ್ತಲೇ ಹೋಗುತ್ತದೆ. ಹಣ್ಣು ದಪ್ಪವಾಗುತ್ತದೆ, ರಸ ತೆಳ್ಳಗಾಗುತ್ತದೆ. ಹರಳುನೆಲದಲ್ಲಿ ಬೇಸಗೆ ಏರಿದಂತೆ ನೀರು ಸ್ವಲ್ಪ ಕಡಿಮೆಯಾಗುತ್ತದೆ. ಬಳ್ಳಿ ಬೆಳವಣಿಗೆಯನ್ನು ನಿಲ್ಲಿಸಿ ಗಮನವನ್ನೆಲ್ಲ ಹಣ್ಣಿನ ಮೇಲೆ ಇಡುತ್ತದೆ. ಹಣ್ಣು ಸಣ್ಣದಾಗುತ್ತದೆ. ಕೆಂಪು ದ್ರಾಕ್ಷಾಸವದ ಬಣ್ಣವೂ ಒಗರೂ ಇರುವುದು ಸಿಪ್ಪೆಯಲ್ಲಿ. ಸಣ್ಣ ಹಣ್ಣಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಹಾಗೆಂದು ತೀರ ಬಾಯಾರಿಸಿದರೂ ಕೆಟ್ಟಿತು. ಎಲೆ ಬಾಡಿ ಹಣ್ಣು ಮಾಗುವುದೇ ಇಲ್ಲ. ಹದವಾದ ಬಡತನ ಬೇಕು ಎನ್ನೋಣ. ಬೋರ್ಡೋ ವಿಶ್ವವಿದ್ಯಾನಿಲಯದ ಜೆರಾರ್ ಸೆಗೆನ್ ಎಂಬ ವಿಜ್ಞಾನಿ 1960ರ ದಶಕದಿಂದ ಆ ಸೀಮೆಯ ತೋಟಗಳಲ್ಲಿ ಅಳೆದು ತೋರಿಸಿದ್ದೂ ಇದನ್ನೇ: ಮಣ್ಣಿನಲ್ಲಿ ಯಾವ ಲವಣವಿದೆ ಎಂಬುದಕ್ಕಿಂತ ಆ ಮಣ್ಣು ನೀರನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬುದು ಮುಖ್ಯ.

ಇಲ್ಲಿ ಒಂದು ಜನಪ್ರಿಯ ಭ್ರಮೆಯನ್ನು ಬಿಡಿಸಬೇಕು. ಸುಣ್ಣಕಲ್ಲಿನ ರುಚಿಯೇ ಬೇರಿನ ಮೂಲಕ ಏರಿ ಹಣ್ಣಿಗೆ ಇಳಿಯುತ್ತದೆಂದು ವರ್ಣಿಸುವವರುಂಟು. ಕೇಳುವುದಕ್ಕೆ ಸೊಗಸು. ಆದರೆ ಬೇರು ಕಲ್ಲನ್ನು ನೆಕ್ಕುವುದಿಲ್ಲ. ನೀರಿನಲ್ಲಿ ಕರಗಿದ ಅತ್ಯಲ್ಪ ಲವಣವನ್ನು ಹೀರುತ್ತದೆ, ಅದಕ್ಕೆ ನಾಲಗೆ ಗುರುತಿಸುವಷ್ಟು ರುಚಿ ಇಲ್ಲ. ಹಣ್ಣಿನ ಸಿಹಿ, ಸುವಾಸನೆ ಎಲ್ಲ ಬಳ್ಳಿಯೇ ಗಾಳಿ, ಬೆಳಕು, ನೀರುಗಳಿಂದ ಕಟ್ಟಿಕೊಂಡದ್ದು. ನೆಲದ ಪಾತ್ರ ಅಡುಗೆಯವನದಲ್ಲ, ಒಲೆಯ ಉರಿ ನೋಡಿಕೊಳ್ಳುವವನದು. ಆ ಉರಿಯಲ್ಲಿ ಇಳಿಜಾರಿಗೂ ಪಾಲುಂಟು. ತಪ್ಪಲು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಬೇಗ ಬಂದು ಇಬ್ಬನಿಯನ್ನು ಒಣಗಿಸುತ್ತದೆ. ಪಶ್ಚಿಮದ ಮಳೆಗಾಳಿಗೆ ಹಿಂದಿನ ಗುಡ್ಡ ಅಡ್ಡ. ವಸಂತದ ರಾತ್ರಿಗಳಲ್ಲಿ ಭಾರವಾದ ಶೀತಗಾಳಿ ನೀರಿನಂತೆ ಕೆಳಗೆ ಹರಿದು ಬಯಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಎಳೆಚಿಗುರನ್ನು ಸುಡುವ ಹಿಮದ ಕಾಟ ತಗ್ಗಿನ ಬಳ್ಳಿಗಳಿಗೆ ಹೆಚ್ಚು, ಮೇಲಿನವಕ್ಕೆ ಕಡಿಮೆ.

ಸನ್ಯಾಸಿಗಳಿಗೆ ಇದೆಲ್ಲ ಗೊತ್ತಿತ್ತೇ? ಅವರು ಮಣ್ಣನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತಿದ್ದರೆಂಬ ಕಥೆ ಪ್ರವಾಸಿಗಳಿಗೆ ಪ್ರಿಯವಾದದ್ದು. ನಾನದನ್ನು ಕಥೆಯೆಂದೇ ಬಿಡುತ್ತೇನೆ. ಮಣ್ಣು ತಿನ್ನಬೇಕಾದ ಅಗತ್ಯವೇನಿತ್ತು? ಒಂದೇ ಕೈ ಒಂದೇ ನೆಲವನ್ನು ನೂರಾರು ಸುಗ್ಗಿ ನೋಡಿದರೆ ಯಾವ ತಾಕು ಮೊದಲು ಮಾಗುತ್ತದೆ, ಯಾವುದು ಕೊಳೆಯುತ್ತದೆ ಎಂದು ತಿಳಿಯದಿರಲು ಹೇಗೆ ಸಾಧ್ಯ? ಆವರಣದ ಒಳಗಿನ ತಾಕುಗಳಿಗೆ ಒಂದೊಂದು ಹೆಸರಿತ್ತು, ನಮ್ಮ ಮಲೆನಾಡಿನ ಗದ್ದೆಗಳಿಗೆ ಮನೆಮಂದಿ ಇಟ್ಟ ಹೆಸರುಗಳಿರುವಂತೆ. ಗ್ರಾನ್ ಮೋಪೆರ್ತ್ವಿ ಎಂಬುದೊಂದು, ಮಠಾಧಿಪತಿಯ ನಾಟಿ ಎಂಬ ಅರ್ಥದ ಪ್ಲಾಂತ್ ಲಬೆ ಎಂಬುದಿನ್ನೊಂದು. ಹೆಸರಿಟ್ಟವರಿಗೆ ಭೇದ ತಿಳಿದಿತ್ತು ಎಂದೇ ಅರ್ಥ.

ರಾಜರಿಗೂ ಇದು ತಿಳಿಯದ ಸಂಗತಿಯಲ್ಲ. 1395ರಲ್ಲಿ ಬರ್ಗಂಡಿಯ ಡ್ಯೂಕ್, ಧೀರನೆಂದು ಬಿರುದುಳ್ಳ ಫಿಲಿಪ್, ಗಾಮೇ ಎಂಬ ಜಾತಿಯ ದ್ರಾಕ್ಷಿಯನ್ನು ಕಿತ್ತು ಹಾಕಬೇಕೆಂದು ಆಜ್ಞೆ ಹೊರಡಿಸಿದನು. ಗಾಮೇ ಹೇರಳವಾಗಿ ಕಾಯುವ ಬಳ್ಳಿ. ಪಿನೋ ಎಂಬುದು ಹೆಸರು ತರುವ ಬಳ್ಳಿ, ಆದರೆ ಜುಗ್ಗ. ಬಡ ರೈತ ಯಾವುದನ್ನು ನೆಡುತ್ತಾನೆ ಎಂದು ಹೇಳಬೇಕಾಗಿಲ್ಲ. ಅದೇ ಆಜ್ಞೆಯಲ್ಲಿ ತೋಟಗಳಿಗೆ ಗೊಬ್ಬರ ಹಾಕುವುದನ್ನೂ ಡ್ಯೂಕ್ ನಿಷೇಧಿಸಿದನು. ಪ್ರಾಂತದ ಕೀರ್ತಿ ಕೆಡುತ್ತದೆಂದು ಅವನ ವಾದ. ಇಳುವರಿ ಹೋದರೆ ಹೊಟ್ಟೆಗೇನು ಎಂದು ರೈತನ ವಾದ. ಈ ಜಗಳ ಒಂದು ಆಜ್ಞೆಯಿಂದ ಮುಗಿಯಲಿಲ್ಲ. ಮುಂದೆಯೂ ಮತ್ತೆ ಮತ್ತೆ ಅಂಥ ಆಜ್ಞೆಗಳು ಬೇಕಾದವು.

ವೂಜೋ ದ್ರಾಕ್ಷಾಸವಕ್ಕೆ ಇಷ್ಟರಲ್ಲಿ ರಾಜಮನ್ನಣೆ ಸಿಕ್ಕಿತ್ತು. 1371ರಲ್ಲಿ ಸೀತೋ ಮಠಾಧಿಪತಿ ಜಾನ್ ದ ಬುಸ್ಸಿಯೇರ್ ಎಂಬಾತ ಆವಿನ್ಯೋನಿನಲ್ಲಿದ್ದ ಪೋಪ್ ಹನ್ನೊಂದನೆಯ ಗ್ರೆಗರಿಗೆ 30 ಪೀಪಾಯಿಗಳನ್ನು ಕಳುಹಿಸಿದನೆಂದೂ, ಕೆಲವೇ ವರ್ಷಗಳಲ್ಲಿ ಆತನಿಗೆ ಕಾರ್ಡಿನಲ್ ಪದವಿ ಬಂದಿತೆಂದೂ ಹೇಳುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿತ್ತೇ ಎಂಬುದನ್ನು ಓದುಗರ ಊಹೆಗೆ ಬಿಟ್ಟಿದ್ದೇನೆ.

ಇದರ ಜೊತೆಗೇ ಹುಟ್ಟಿಕೊಂಡ ಇನ್ನೊಂದು ಐತಿಹ್ಯ ನಮ್ಮ ವಿಷಯಕ್ಕೆ ಹತ್ತಿರದ್ದು. ಮೇಲ್ಭಾಗದ ರಸ ಪೋಪರಿಗೆ, ನಡುಭಾಗದ್ದು ರಾಜರಿಗೆ, ಕೆಳಭಾಗದ್ದು ಸನ್ಯಾಸಿಗಳಿಗೆ ಎಂದು ಮಠದವರು ಮೂರು ಬೇರೆ ಬೇರೆ ದ್ರಾಕ್ಷಾಸವ ಮಾಡುತ್ತಿದ್ದರಂತೆ. ಮೂರು ಮಣ್ಣಿಗೆ ಮೂರು ಅಂತಸ್ತು! ಅಚ್ಚುಕಟ್ಟಾದ ಕಥೆ, ಅಚ್ಚುಕಟ್ಟು ಹೆಚ್ಚಾದುದರಿಂದಲೇ ನನಗೆ ಸಂಶಯ. ಮೂರು ಭಾಗಗಳ ರಸವನ್ನು ಬೆರೆಸಿಯೇ ಮಠದ ಹೆಸರಾಂತ ದ್ರಾಕ್ಷಾಸವ ಸಿದ್ಧವಾಗುತ್ತಿತ್ತೆಂಬ ಅಭಿಪ್ರಾಯವೂ ಬಲವಾಗಿಯೇ ಇದೆ, ನನ್ನ ಒಲವು ಅದರ ಕಡೆಗೆ. ಕಾರಣ ಮೇಲೆ ಹೇಳಿದ ನೀರಿನ ಲೆಕ್ಕದಲ್ಲೇ ಇದೆ. ಮಳೆ ಹೆಚ್ಚಿದ ವರ್ಷ ಮೇಲಿನ ಹರಳುನೆಲ ಕೈ ಹಿಡಿಯುತ್ತದೆ, ಕೆಳಗಿನ ಜೇಡಿ ಕೈ ಕೊಡುತ್ತದೆ. ಬಿರುಬೇಸಗೆಯ ವರ್ಷ ಮೇಲಿನ ಬಳ್ಳಿ ಬಾಡಿದರೂ ಕೆಳಗಿನ ಜೇಡಿ ತೇವವನ್ನು ಹಿಡಿದಿಟ್ಟು ಹಣ್ಣನ್ನು ಕಾಯುತ್ತದೆ. ಇಡೀ ತಪ್ಪಲು ಒಬ್ಬನ ಕೈಯಲ್ಲಿದ್ದರೆ ಯಾವ ವರ್ಷವೂ ಪೂರ್ತಿ ಸೋಲಿಲ್ಲ. ಸುಗ್ಗಿಯ ಹಣ್ಣೆಲ್ಲ ಬಂದು ಬೀಳುತ್ತಿದ್ದುದು ಒಂದೇ ದೊಡ್ಡ ಕಟ್ಟಡಕ್ಕೆ. ಅದರ ಮೂಲೆಗಳಲ್ಲಿ ಮರದ ತೊಲೆಗಳ ನಾಲ್ಕು ಭಾರಿ ಗಾಣಗಳು ಇಂದಿಗೂ ನಿಂತಿವೆ. 1551ರಲ್ಲಿ ಅದರ ಪಕ್ಕದಲ್ಲಿ ವಾಸದ ಸೌಧವೂ ಎದ್ದಿತು.

ನೆಲವೆಂದರೆ ದೇವರು ಕೊಟ್ಟದ್ದಷ್ಟೇ ಎಂದೂ ತಿಳಿಯಬಾರದು. ಇಳಿಜಾರಿನ ಮಣ್ಣು ಮಳೆಗೆ ಜಾರುತ್ತದೆ. ಚಳಿಗಾಲದಲ್ಲಿ ಆಳುಗಳು ಅದನ್ನು ಕೆಳಗಿನಿಂದ ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಸುರಿಯುತ್ತಿದ್ದರು. ಬರ್ಗಂಡಿಯ ತೋಟಗಳಲ್ಲಿ ಶತಮಾನಗಳ ಕಾಲ ನಡೆದುಬಂದ ದುಡಿಮೆ ಇದು. ಬೇರೆಡೆಯಿಂದ ಗಾಡಿಗಟ್ಟಲೆ ಮಣ್ಣು ತರಿಸಿ ಹರಡಿದ ಒಡೆಯರೂ ಉಂಟು. ಪ್ರಕೃತಿಯ ವರವೆಂದು ಹೊಗಳಿಸಿಕೊಳ್ಳುವ ಎಷ್ಟೋ ತಾಕುಗಳ ಮೇಲ್ಮಣ್ಣಿನಲ್ಲಿ ಹೆಸರಿಲ್ಲದ ಕೂಲಿಗಳ ಬೆವರು ಬೆರೆತಿದೆ.

ಆರುನೂರೈವತ್ತು ವರ್ಷಗಳಿಗೂ ಹೆಚ್ಚಿನ ಈ ಏಕಸ್ವಾಮ್ಯ ಎರಡೇ ವರ್ಷದೊಳಗೆ ಮುರಿಯಿತು. 1789ರ ಮಹಾಕ್ರಾಂತಿಯಲ್ಲಿ ಮಠಗಳ ಆಸ್ತಿಯೆಲ್ಲ ರಾಷ್ಟ್ರದ ವಶವಾಯಿತು. 1791ರಲ್ಲಿ ಕ್ಲೋ ದ ವೂಜೋ ಹರಾಜಾಯಿತು. ಮಠದ ಕೊನೆಯ ಉಗ್ರಾಣದ ಸನ್ಯಾಸಿ ದೋಮ್ ಗೋಬ್ಲೆ ತನ್ನ ಪಾಲಿಗೆ ಬಂದ ಹಳೆಯ ಶೀಷೆಗಳೊಡನೆ ದಿಜೋನಿಗೆ ಹೋಗಿ ನೆಲಸಿದನೆಂದೂ, ನೆಪೋಲಿಯನ್ನನಿಗೆ ಅದರ ಮೇಲೆ ಆಸೆಯಾಗಿ ಹೇಳಿಕಳುಹಿಸಿದಾಗ, ಬೇಕಾದರೆ ಇಲ್ಲಿಗೇ ಬಂದು ಕುಡಿಯಲಿ ಎಂದುತ್ತರಿಸಿದನೆಂದೂ ಒಂದು ಕಥೆ. ಬಿಸ್ಸೋನ್ ಎಂಬ ಸೇನಾನಿ ತನ್ನ ಪಡೆಯನ್ನು ಈ ತೋಟದ ಮುಂದೆ ನಿಲ್ಲಿಸಿ ವಂದನೆ ಮಾಡಿಸಿದನೆಂಬುದು ಇನ್ನೊಂದು. ಅದನ್ನು ಬರೆದಿಟ್ಟವನು ಕಾದಂಬರಿಕಾರ ಸ್ಟೆಂಡಾಲ್. ಆಶ್ಚರ್ಯವೆಂದರೆ ಹರಾಜಾದ ಮೇಲೂ ಸುಮಾರು ನೂರು ವರ್ಷ ತೋಟ ತುಂಡಾಗಲಿಲ್ಲ. 1818ರಲ್ಲಿ ಅದು ಜೂಲಿಯೆನ್ ಜೂಲ್ ಊವ್ರಾರ್ ಎಂಬ ಧನಿಕನ ಹೆಸರಿಗೆ ಬಂದಿತು. ಅವನು 1861ರಲ್ಲಿ ತೀರಿಕೊಳ್ಳುವವರೆಗೂ ಇಡಿಯಾಗಿಯೇ ಇತ್ತು.

ಅದೇ 1861ರಲ್ಲಿ ಬೋನ್ ಪಟ್ಟಣದ ಕೃಷಿ ಸಮಿತಿ ಪ್ರಾಂತದ ತೋಟಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ ನಕ್ಷೆ ತೆಗೆಯಿತು. ಒಬ್ಬನೇ ಒಡೆಯ, ಒಂದೇ ಗೋಡೆ, ಒಂದೇ ಹೆಸರು. ಆದ್ದರಿಂದ ಇಡೀ ತೋಟಕ್ಕೆ ಒಂದೇ ಬಣ್ಣ, ಮೊದಲನೆಯ ದರ್ಜೆ. ಆಗ ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಬೆರೆಸಿದ ದ್ರಾಕ್ಷಾಸವಕ್ಕೆ ಬೆರೆಸಿದ ದರ್ಜೆ.

ಅನ್ಯಾಯ ಮೊದಲಾದದ್ದು ಆಮೇಲೆ. 1878ರಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಬರ್ಗಂಡಿಯಲ್ಲಿ ಕಾಣಿಸಿಕೊಂಡಿತು. ಬಳ್ಳಿಗಳು ನಿಂತಲ್ಲೇ ಒಣಗಿದವು. ಕೊನೆಗೆ ಸಿಕ್ಕ ಉಪಾಯವೆಂದರೆ ಆ ಹೇನನ್ನು ತಾಳಿಕೊಳ್ಳುವ ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಇಲ್ಲಿಯ ಪಿನೋ ಬಳ್ಳಿಯನ್ನು ಕಸಿ ಕಟ್ಟುವುದು. ಬೇರೇ ಪರದೇಶದ್ದಾದ ಮೇಲೆ ನೆಲದ ಗುಣ ಉಳಿದೀತೇ ಎಂದು ಅಂದು ಹೆದರಿದವರು ಹಲವರು. ಉಳಿಯಿತು, ಮೇಲ್ಭಾಗ ಮೇಲ್ಭಾಗವಾಗಿಯೇ, ಕೆಳಭಾಗ ಕೆಳಭಾಗವಾಗಿಯೇ. ಆದರೆ ತೋಟದ ಒಡೆತನ ಉಳಿಯಲಿಲ್ಲ. ಈ ಹೊಡೆತದ ನಡುವೆಯೇ 1889ರಲ್ಲಿ ಅದನ್ನು ಹಲವು ವರ್ತಕರು ಹಂಚಿಕೊಂಡು ಕೊಂಡರು. ಅವರಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ, ನಡುನಡುವೆ ಕ್ರಯಪತ್ರಗಳು. ಫ್ರಾನ್ಸಿನ 1804ರ ಸಿವಿಲ್ ಸಂಹಿತೆಯಂತೆ ಮಕ್ಕಳೆಲ್ಲರಿಗೂ ಸಮಪಾಲು. ಪಾಲುಪಟ್ಟಿಯ ಕಷ್ಟಸುಖ ನಮಗೇನು ಹೊಸದೇ? ಇಂದು ಆ 125 ಎಕರೆಗೆ ಸುಮಾರು 80 ಮಂದಿ ಒಡೆಯರು. ಕೆಲವರಿಗೆ ಮೇಲಿನಿಂದ ಕೆಳಗಿನವರೆಗೆ ಉದ್ದಪಟ್ಟೆ, ಕೆಲವರಿಗೆ ಸೌಧದ ಬದಿಯ ಹರಳುನೆಲ, ಕೆಲವರಿಗೆ ಹೆದ್ದಾರಿಯ ಅಂಚಿನ ನಾಲ್ಕು ಸಾಲು.

1935ರಲ್ಲಿ ಫ್ರೆಂಚ್ ಸರ್ಕಾರ ದ್ರಾಕ್ಷಾಸವಗಳ ಊರ ಹೆಸರಿನ ರಕ್ಷಣೆಗೆ ಕಾಯಿದೆ ಮಾಡಿತು. ಅದರ ಮೇರೆಗೆ 1937ರಲ್ಲಿ ಕ್ಲೋ ದ ವೂಜೋಗೆ ಅತ್ಯುನ್ನತವಾದ 'ಗ್ರಾನ್ ಕ್ರೂ' ದರ್ಜೆ ದೊರೆಯಿತು, ಗೋಡೆಯೊಳಗಿನ ಇಡೀ ನೆಲಕ್ಕೆ. ಕಾಯಿದೆ ನೋಡಿದ್ದು ಬಹುಕಾಲದ ರೂಢಿಯನ್ನು. ರೂಢಿ ಹೇಳಿದ್ದು ಇದು ಒಂದೇ ತೋಟವೆಂದು. ಇದೇ ತಪ್ಪಲಿನಲ್ಲಿ, ಗೋಡೆಯ ಹೊರಗೆ ಹೆದ್ದಾರಿಗೆ ತಾಗಿದ ನೆರೆಯ ಭೂಮಿಗೆ ಹಳ್ಳಿಯ ಸಾಮಾನ್ಯ ಹೆಸರಿಗಿಂತ ಮೇಲಿನ ದರ್ಜೆ ಸಿಗಲಿಲ್ಲ. ಅತ್ತ ಮೇಲಿನ ಗೋಡೆಗೆ ಅಂಟಿಕೊಂಡೇ ಮ್ಯೂಸಿನ್ಯಿ ಎಂಬ ಮಹಾಪ್ರಸಿದ್ಧ ತೋಟವಿದೆ. ಅಂದರೆ ಒಂದು ತುದಿಯಲ್ಲಿ ಗೋಡೆಗೂ ಮಣ್ಣಿಗೂ ಸಾಕ್ಷಿ ಒಂದೇ. ಇನ್ನೊಂದು ತುದಿಯಲ್ಲಿ ಮಣ್ಣಿನ ಸಾಕ್ಷಿಯನ್ನು ಗೋಡೆ ಗೆದ್ದಿದೆ. ಮಣ್ಣೇ ಎಲ್ಲಕ್ಕೂ ಮೂಲವೆಂದು ಜಗತ್ತಿಗೆ ಸಾರುವ ನಾಡಿನಲ್ಲಿ ಸನ್ಯಾಸಿಗಳು ಅನುಕೂಲಕ್ಕೆ ಕಟ್ಟಿದ ಗೋಡೆಯೊಂದು ಕಾನೂನಿನ ಗೆರೆಯಾಯಿತು. ಗೋಡೆ ಕಟ್ಟಿದವರ ಜಾಣ್ಮೆ ಇದ್ದುದು ಬೆರಸುವುದರಲ್ಲಿ. ಅವರ ಕೀರ್ತಿಯನ್ನು ಪಡೆದ ಹಲವರಿಗೆ ಬೆರಸುವುದಕ್ಕೆ ಇನ್ನೊಂದು ತುಂಡೇ ಇಲ್ಲ.

ಕೆಳಭಾಗದ ಒಡೆಯರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಜೇಡಿಯಲ್ಲಿ ಬಸಿಗಾಲುವೆ ತೆಗೆದು, ಇಳುವರಿಯನ್ನು ತಗ್ಗಿಸಿ, ಹಣ್ಣನ್ನು ಆರಿಸಿ ಕೊಯ್ಯುವ ಶ್ರಮಜೀವಿ ಮೇಲ್ಭಾಗದ ಸೋಮಾರಿಯನ್ನು ಹಿಂದೆ ಹಾಕುವುದುಂಟು. ಇತ್ತೀಚಿನ ಬಿಸಿ ವರ್ಷಗಳಲ್ಲಿ ಹಿಂದೆ ದೋಷವೆನಿಸಿದ್ದ ಆ ತೇವವೇ ಉಪಕಾರಕ್ಕೆ ಬರುತ್ತಿದೆ. ಈ ಗುಡ್ಡಸಾಲಿನ ಹೆಸರುಳ್ಳ ತಾಕುಗಳಿಗೆ ಅಲ್ಲಿಯವರು 'ಕ್ಲಿಮಾ' ಎನ್ನುತ್ತಾರೆ. ಅಂಥ 1247 ತಾಕುಗಳನ್ನು ಯುನೆಸ್ಕೋ ಸಂಸ್ಥೆ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೂಜೋ ಸೌಧ ಈಗ ಯಾವ ಒಬ್ಬ ಬೆಳೆಗಾರನದೂ ಅಲ್ಲ. 1934ರಲ್ಲಿ ಸ್ಥಾಪಿತವಾದ ದ್ರಾಕ್ಷಾಸವಪ್ರಿಯರ ಸಂಘವೊಂದು 1944ರಿಂದ ಅದನ್ನು ತನ್ನ ಪೀಠ ಮಾಡಿಕೊಂಡಿದೆ. ಔತಣಗಳು ಅಲ್ಲಿ ನಡೆಯುತ್ತವೆ, ದ್ರಾಕ್ಷಾಸವ ಮಾಡುವುದು ಮಾತ್ರ ಇಲ್ಲ. ಎಂಬತ್ತು ಮಂದಿಯ ಹಣ್ಣು ಅವರವರ ಊರಿನ ನೆಲಮಾಳಿಗೆಗಳಿಗೆ ಹೋಗಿ ಒಂದೇ ಹೆಸರಿನ ಶೀಷೆಗಳಾಗಿ ಹೊರಬರುತ್ತದೆ. ಕೊಳ್ಳುವವನಿಗೆ ಅದು ಮೇಲಿನದೋ ಕೆಳಗಿನದೋ ತಿಳಿಸುವ ಕಟ್ಟಳೆ ಇಲ್ಲ. ಮೇಲ್ಭಾಗದ ಕೆಲವು ಬೆಳೆಗಾರರು ಮಾತ್ರ ದೊಡ್ಡ ಹೆಸರಿನ ಜೊತೆಗೆ ಗ್ರಾನ್ ಮೋಪೆರ್ತ್ವಿ ಮೊದಲಾದ ಹಳೆಯ ತಾಕಿನ ಹೆಸರನ್ನೂ ಚೀಟಿಯಲ್ಲಿ ಅಚ್ಚು ಹಾಕಿಸುತ್ತಾರೆ.